ನನ್ನ ಪಿಸಿ ತಾನು ಐಮ್ಯಾಕ್ ಎಂದು ಹೇಳಿಕೊಂಡ ಎರಡೂವರೆ ವರ್ಷ

2020ರ ಜುಲೈ. ರಾತ್ರಿ ಎರಡೂವರೆ. ನಮ್ಮೂರು ಸಾಗರದಲ್ಲಿ ಮಳೆ ಹಿಡಿದು ಕೂತಿತ್ತು. ಕರೆಂಟ್ ಯಾವಾಗ ಹೋಗುತ್ತದೋ ಅಂತ ಯುಪಿಎಸ್ ಪಕ್ಕದಲ್ಲೇ ಕುಳಿತು ಪರದೆ ನೋಡುತ್ತಿದ್ದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಸರಸರ ಓಡುತ್ತಿದ್ದವು. ಅದು ಹನ್ನೊಂದನೇ ರಾತ್ರಿ. ಹಿಂದಿನ ಹತ್ತು ರಾತ್ರಿಯೂ ಸಾಲುಗಳು ಎಲ್ಲೋ ಒಂದು ಕಡೆ ನಿಂತುಬಿಡುತ್ತಿದ್ದವು. ಅವತ್ತು ನಿಲ್ಲಲಿಲ್ಲ. ನಡುವೆ ಒಂದು ಸಾಲು ಬಂತು: ‘ಡಿಎಸ್‌ಎಂಓಎಸ್ ಹ್ಯಾಸ್ ಅರೈವ್ಡ್’. ಸ್ವಲ್ಪ ಹೊತ್ತಿಗೆ ಪರದೆ ಬೆಳ್ಳಗಾಗಿ, ಯಾವ ಭಾಷೆ ಬೇಕು ಎಂದು ಕೇಳಿತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಬಿಡಿಭಾಗ ತಂದು ನಾನೇ ಜೋಡಿಸಿದ್ದ ಪಿಸಿಯಲ್ಲಿ, ಆಪಲ್ ತನ್ನ ಯಂತ್ರಗಳಿಗೆಂದೇ ಮಾಡಿದ ಆಪರೇಟಿಂಗ್ ಸಿಸ್ಟಮ್ ಮ್ಯಾಕ್ ಓಎಸ್ ಓಡುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿದ್ದಾರೆ ಅನ್ನುವುದನ್ನೂ ಮರೆತು ಚಪ್ಪಾಳೆ ತಟ್ಟಿದೆ.

ಡಿಎಸ್‌ಎಂಓಎಸ್ ಅಂದರೆ ‘ಡೋಂಟ್ ಸ್ಟೀಲ್ ಮ್ಯಾಕ್ ಓಎಸ್’ ಎಂದು ಗೊತ್ತಾಗಿದ್ದು ಮಾರನೇ ದಿನ. ‘ಕದಿಯಬೇಡಿ’ ಎಂಬ ಸಾಲು ಬಂದ ಗಳಿಗೆಯಲ್ಲೇ ನಾನು ಚಪ್ಪಾಳೆ ಹೊಡೆದಿದ್ದೆ. ಆ ಮಾತು ಮನಸ್ಸಿನಿಂದ ಬಹಳ ದಿನ ಹೋಗಲಿಲ್ಲ.

ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ನಾಲ್ಕು ವರ್ಷ ಆಪಲ್‌ನ ಐಮ್ಯಾಕ್ ಕಂಪ್ಯೂಟರ್ ಮುಂದೆ ಕುಳಿತು, ಆಪಲ್‌ನದೇ ಎಡಿಟಿಂಗ್ ಪ್ರೋಗ್ರಾಂ ಫೈನಲ್ ಕಟ್ ಪ್ರೋ ಕಲಿತೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಊರಿಗೆ ಬಂದೆ. ಕೈ ಫೈನಲ್ ಕಟ್‌ಗೆ ಒಗ್ಗಿತ್ತು. ಅದಕ್ಕಿಂತ ದೊಡ್ಡ ಕಾರಣ ಕನ್ನಡ. ಊರಲ್ಲಿ ನಾನು ಬಳಸುತ್ತಿದ್ದ ಎಡಿಟಿಂಗ್ ಪ್ರೋಗ್ರಾಂನಲ್ಲಿ ಟೈಟಲ್ ಬರೆದರೆ ಒತ್ತಕ್ಷರಗಳು ಕಳಚಿ ಬೀಳುತ್ತಿದ್ದವು. ‘ಲಕ್ಷ್ಮೀ’ ಅಂತ ಹೊಡೆದರೆ ಕ, ಷ, ಮ ಬೇರೆಬೇರೆಯಾಗಿ ನಿಲ್ಲುತ್ತಿದ್ದವು. ಮದುಮಗಳ ಹೆಸರು ಹಾಗೆ ಮುರಿದು ಕಾಣಿಸಿದರೆ ಹೇಗೆ ಕೊಡುವುದು? ಬೇರೆ ಕಡೆ ಹೆಸರು ಬರೆದು, ಚಿತ್ರ ಮಾಡಿ ತಂದು ಅಂಟಿಸುತ್ತಿದ್ದೆ. ಮ್ಯಾಕ್‌ನಲ್ಲಿ ಆ ಕಷ್ಟ ಇರಲಿಲ್ಲ. ಸಿಸ್ಟಮ್ ಜೊತೆ ಬರುವ ‘ಕನ್ನಡ ಸಂಗಮ್ ಎಂಎನ್’ ಫಾಂಟ್‌ನಲ್ಲಿ ಹೊಡೆದದ್ದು ಹೊಡೆದ ಹಾಗೇ ಕೂರುತ್ತಿತ್ತು.

ಫೈನಲ್ ಕಟ್ ನನ್ನ ಸ್ವಂತ ಖಾತೆಯಲ್ಲೇ ಹಣ ಕೊಟ್ಟು ಕೊಂಡಿದ್ದೆ. ಓಡಿಸಲು ಮ್ಯಾಕ್ ಇರಲಿಲ್ಲ ಅಷ್ಟೆ. ಆಪಲ್‌ನ ಪುಟ್ಟ ಕಂಪ್ಯೂಟರ್ ಮ್ಯಾಕ್ ಮಿನಿಯ ಬೆಲೆಯೇ ಆಗ ಸುಮಾರು ಮುಕ್ಕಾಲು ಲಕ್ಷ. ಮದುವೆಗಳೇ ನಿಂತುಹೋಗಿದ್ದ ಕಾಲ ಅದು. ಮನೆಯಲ್ಲಿ ಪಿಸಿ ಇತ್ತು: ಇಂಟೆಲ್ ಐ7-8700, ಝಡ್390 ಮದರ್‌ಬೋರ್ಡ್, ರೇಡಿಯಾನ್ ಆರ್‌ಎಕ್ಸ್ 580 ಕಾರ್ಡ್, 32 ಜಿಬಿ ರ್ಯಾಮ್. ಆಗಿನ ಐಮ್ಯಾಕ್‌ಗಳ ಒಳಗೂ ಹೆಚ್ಚುಕಡಿಮೆ ಇದೇ ಸಾಮಾನು. 2006ರಿಂದ ಆಪಲ್ ಇಂಟೆಲ್ ಚಿಪ್ ಹಾಕುತ್ತಿದ್ದರಿಂದಲೇ ಇಂಥ ಪ್ರಯೋಗ ಸಾಧ್ಯವಾಗಿತ್ತು. ಹೀಗೆ ಮಾಡಿದ ಯಂತ್ರಕ್ಕೆ ‘ಹ್ಯಾಕಿಂಟಾಷ್’ ಎನ್ನುತ್ತಾರೆ.

ಹನ್ನೊಂದು ರಾತ್ರಿ ಏನು ಮಾಡಿದೆ ಅಂತ ಸ್ವಲ್ಪ ಹೇಳಬೇಕು. ಸರಿ ತಪ್ಪಿನ ಪ್ರಶ್ನೆ ಆ ಕೆಲಸದ ಒಳಗೇ ಇದೆ.

ಓಎಸ್ ಅನ್ನು ಕಳ್ಳ ಪ್ರತಿಯಿಂದ ತರಲಿಲ್ಲ. ಆಪಲ್‌ನ ಸರ್ವರ್‌ನಿಂದಲೇ ಇಳಿಸಿದೆ. 2013ರಿಂದ ಅದಕ್ಕೆ ಬೇರೆ ಬೆಲೆಯೂ ಇಲ್ಲ. ಪೆನ್‌ಡ್ರೈವ್‌ಗೆ ಓಪನ್‌ಕೋರ್ ಎಂಬ ಬೂಟ್‌ಲೋಡರ್, ಅಂದರೆ ಓಎಸ್ ಅನ್ನು ಎಬ್ಬಿಸುವ ಪ್ರೋಗ್ರಾಂ, ಹಾಕಿದೆ. ಬಯಾಸ್‌ಗೆ, ಅಂದರೆ ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗೆ ಹೋಗಿ, ಅಡ್ಡ ಬರುವ ಸಿಎಫ್‌ಜಿ ಲಾಕ್ ತೆಗೆದೆ, ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಮೊದಲ ಆರು ರಾತ್ರಿ ‘ಎಕ್ಸಿಟ್‌ಬಿಎಸ್ ಸ್ಟಾರ್ಟ್’ ಎಂಬ ಸಾಲಿಗೆ ನಿಂತುಬಿಡುತ್ತಿತ್ತು. ಝಡ್390 ಬೋರ್ಡ್‌ಗಳು ಏಳುವ ರೀತಿ ಸ್ವಲ್ಪ ಬೇರೆ. ಅದಕ್ಕೆ ‘ಪ್ರೊಟೆಕ್ಟ್ ಯುಇಎಫ್‌ಐ ಸರ್ವಿಸಸ್’ ಎಂಬ ಒಂದು ಆಯ್ಕೆ ಆನ್ ಆಗಬೇಕಿತ್ತು. ಒಂದು ಪದ ‘ಫಾಲ್ಸ್’ನಿಂದ ‘ಟ್ರೂ’ ಆಗಲು ಆರು ರಾತ್ರಿ. ಆಮೇಲೆ ಸೌಂಡ್, ಆಮೇಲೆ ಯುಎಸ್‌ಬಿ. ಇವೆಲ್ಲ ಬರೀ ಯಂತ್ರದ ಕೆಲಸ. ಯಾರಿಗೂ ಮೋಸವಿಲ್ಲ, ಕಲಿತದ್ದೇ ಲಾಭ.

ಆದರೆ ಎರಡು ಹೆಜ್ಜೆ ಹಾಗಿರಲಿಲ್ಲ.

ಮೊದಲನೆಯದು ಆ ಡಿಎಸ್‌ಎಂಓಎಸ್. ಮ್ಯಾಕ್ ಓಎಸ್‌ನ ಕೆಲವು ಮುಖ್ಯ ಪ್ರೋಗ್ರಾಂಗಳನ್ನು ಆಪಲ್ ಬೀಗ ಹಾಕಿ ಇಟ್ಟಿತ್ತು. ಫೈಂಡರ್, ಡಾಕ್ ಇಂಥವು. ಬೀಗದ ಕೈ ಇಂಟೆಲ್ ಮ್ಯಾಕ್‌ನ ಒಳಗಿನ ಎಸ್‌ಎಂಸಿ ಎಂಬ ಚಿಪ್‌ನಲ್ಲಿತ್ತು. ನನ್ನ ಪಿಸಿಯಲ್ಲಿ ಆ ಚಿಪ್ ಇಲ್ಲ. ಅದಕ್ಕೆ ವರ್ಚುವಲ್ ಎಸ್‌ಎಂಸಿ ಎಂಬ ಪುಟ್ಟ ಪ್ರೋಗ್ರಾಂ ಹಾಕುತ್ತಾರೆ. ಓಎಸ್ ಬೀಗದ ಕೈ ಕೇಳಿದಾಗ ಇದು ತಾನೇ ಆ ಚಿಪ್ ಎಂದು ಹೇಳಿ ಕೊಡುತ್ತದೆ. ಆ ಕೈ ಅಂದರೆ ಏನು ಗೊತ್ತಾ? 64 ಅಕ್ಷರದ ಒಂದು ಇಂಗ್ಲಿಷ್ ವಾಕ್ಯ. ಪದಗಳ ನಡುವೆ ಜಾಗವಿಲ್ಲದೆ ಒತ್ತೊತ್ತಾಗಿ ಬರೆದದ್ದು. ಕನ್ನಡದಲ್ಲಿ ಹೇಳಿದರೆ ಇಷ್ಟು: ‘ನಮ್ಮ ಕಷ್ಟದ ದುಡಿಮೆಗೆ ಈ ಮಾತುಗಳೇ ಕಾವಲು, ದಯವಿಟ್ಟು ಕದಿಯಬೇಡಿ.’ ಕೊನೆಗೆ ಕಂಪನಿಯ ಹೆಸರು.

ಅದನ್ನು ಓದಿ ಸುಮ್ಮನೆ ಕುಳಿತೆ. ಯಾರೋ ಎಂಜಿನಿಯರ್ ಕುಳಿತು ಬರೆದ ವಾಕ್ಯ ಅದು. ಬೀಗದ ಕೈಯನ್ನೇ ಒಂದು ಬೇಡಿಕೆಯ ಮಾತಾಗಿ ಮಾಡಿಟ್ಟಿದ್ದಾರೆ. ಬೀಗ ತೆಗೆಯುವವನು ಆ ಮಾತನ್ನು ಹೇಳಿಯೇ ತೆಗೆಯಬೇಕು. ನನ್ನ ಪಿಸಿ ದಿನಾ ಬೆಳಗ್ಗೆ ಆನ್ ಆಗುವಾಗ ಆ ಮಾತು ಹೇಳುತ್ತಿತ್ತು.

ಎರಡನೆಯದು ಸೀರಿಯಲ್ ನಂಬರ್. ಓಎಸ್ ಕೇಳುತ್ತದೆ, ನೀನು ಯಾರು ಅಂತ. ನನ್ನ ಪಿಸಿ ‘ನಾನು ಐಮ್ಯಾಕ್ 19,1’ ಎಂದು ಒಂದು ಮಾದರಿಯ ಹೆಸರು ಹೇಳಿ ಉತ್ತರ ಕೊಡಬೇಕು. ಅದಕ್ಕೆ ಒಂದು ಸೀರಿಯಲ್ ನಂಬರ್ ಬೇಕು. ಒಂದು ಸ್ಕ್ರಿಪ್ಟ್ ಇದೆ, ಆಪಲ್ ಬಳಸುವ ಮಾದರಿಯಲ್ಲೇ ನಂಬರ್ ಹುಟ್ಟಿಸಿ ಕೊಡುತ್ತದೆ. ಆ ನಂಬರ್ ನಿಜವಾಗಿ ಯಾರ ಮ್ಯಾಕ್‌ನದ್ದೂ ಆಗಿರಬಾರದು. ಅದನ್ನು ಆಪಲ್‌ನ ವಾರಂಟಿ ಪುಟದಲ್ಲಿ ಹೊಡೆದು ನೋಡಿ, ‘ಇಂಥ ನಂಬರ್ ಇಲ್ಲ’ ಎಂದು ಬಂದರೆ ಬಳಸಬೇಕು. ನನಗೆ ಮೊದಲ ಸಲವೇ ‘ಇಲ್ಲ’ ಎಂದು ಬಂತು. ಹೆಚ್ಚು ಯೋಚಿಸದೆ ಹಾಕಿಕೊಂಡೆ.

ಆಮೇಲೆ ಒಪ್ಪಂದದ ಪುಟ. ಎಲ್ಲರ ಹಾಗೆ ನಾನೂ ಓದದೆ ‘ಅಗ್ರೀ’ ಒತ್ತಿದೆ. ನಿಜವಾಗಿ ಒಪ್ಪಿದ್ದೀರಾ ಅಂತ ಅದು ಇನ್ನೊಮ್ಮೆ ಕೇಳುತ್ತದೆ. ಇನ್ನೊಮ್ಮೆ ಒತ್ತಿದೆ.

ಬೆಳಗ್ಗೆ ತಿಂಡಿ ತಿನ್ನುವಾಗ ಅಪ್ಪನಿಗೆ ಖುಷಿಯಿಂದ ಎಲ್ಲ ಹೇಳಿದೆ. ಅಪ್ಪ ಬಸ್ ಸ್ಟ್ಯಾಂಡ್ ಹತ್ತಿರ 22 ವರ್ಷ ಸಣ್ಣ ಕ್ಯಾಂಟೀನ್ ನಡೆಸಿದವರು. ಕಂಪ್ಯೂಟರ್ ಅವರಿಗೆ ದೂರ. ಆದರೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು.

‘ಮನೆ ಸಿಲಿಂಡರ್ ತಂದು ಕ್ಯಾಂಟೀನ್‌ಗೆ ಹಚ್ಚಿದ ಹಾಗೆ ಆಯ್ತಲ್ಲ ಇದು?’

‘ಹಾಗಲ್ಲ ಅಪ್ಪ. ಫೈನಲ್ ಕಟ್‌ಗೆ ದುಡ್ಡು ಕೊಟ್ಟಿದ್ದೀನಿ. ಪಿಸಿ ನಂದೇ. ಓಎಸ್ ಪುಕ್ಕಟೆ. ಯಾರದ್ದು ಕದ್ದೆ ನಾನು?’

‘ಮನೆ ಸಿಲಿಂಡರ್‌ಗೂ ದುಡ್ಡು ಕೊಟ್ಟೇ ತರ್ತೀವಿ. ಆದ್ರೆ ಯಾವುದಕ್ಕೆ ಅಂತ ಹೇಳಿ ತಂದ್ವಿ?’

ನಮ್ಮ ಕ್ಯಾಂಟೀನ್‌ನಲ್ಲಿ ಯಾವತ್ತೂ 19 ಕೆಜಿಯ ಸಿಲಿಂಡರೇ ಇರುತ್ತಿತ್ತು. ಅಕ್ಕಪಕ್ಕದ ಕೆಲವರು 14.2 ಕೆಜಿಯ ಮನೆ ಸಿಲಿಂಡರ್ ಇಟ್ಟುಕೊಂಡು ತಿಂಗಳಿಗೆ ಸಾವಿರಗಟ್ಟಲೆ ಉಳಿಸುತ್ತಿದ್ದರು. ಅಮ್ಮ ಎಷ್ಟೋ ಸಲ ಹೇಳಿದರೂ ಅಪ್ಪ ಒಪ್ಪಿರಲಿಲ್ಲ.

ಅವತ್ತು ನಾನು ವಾದ ಮಾಡಿದೆ. ಈಗಲೂ ಆ ವಾದದಲ್ಲಿ ಸ್ವಲ್ಪ ಹುರುಳಿದೆ ಎಂದೇ ನನ್ನ ನಂಬಿಕೆ. ಮನೆ ಸಿಲಿಂಡರ್‌ನ ಕಡಿಮೆ ಬೆಲೆಯ ಹಿಂದೆ ಬಡವರ ಅಡುಗೆಮನೆ ಇದೆ. ಅದನ್ನು ಅಂಗಡಿಗೆ ಎಳೆದರೆ ಆ ಭಾರ ಎಲ್ಲರ ಮೇಲೆ ಬೀಳುತ್ತದೆ. ಆಪಲ್‌ನ ನಿಯಮದ ಹಿಂದೆ ಇರುವುದು ಆಪಲ್‌ನ ವ್ಯಾಪಾರ. ಅದರ ಮಿನಿಗೆ 8 ಜಿಬಿ ರ್ಯಾಮ್ ಜಾಸ್ತಿ ಬೇಕು ಅಂದರೆ 20,000 ರೂಪಾಯಿ ಕೇಳುತ್ತಿದ್ದರು. ಅದಕ್ಕಿಂತ ಕಡಿಮೆ ಹಣಕ್ಕೆ ನಾನು 32 ಜಿಬಿ ತಂದಿದ್ದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಆದರೆ ಅಪ್ಪನ ಪ್ರಶ್ನೆ ಬೆಲೆಯ ಬಗ್ಗೆ ಆಗಿರಲಿಲ್ಲ. ಯಾವುದಕ್ಕೆ ಅಂತ ಹೇಳಿ ತಂದೆ ಅನ್ನುವುದು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಸಲ ‘ಅಗ್ರೀ’ ಒತ್ತಿದ್ದೆನಲ್ಲ.

ಯಂತ್ರವೇನೋ ಚೆನ್ನಾಗಿ ಓಡಿತು. ಸುಳ್ಳು ಹೇಳುವುದಿಲ್ಲ, ನಾನು ಬಳಸಿದ ಯಾವ ಐಮ್ಯಾಕ್‌ಗಿಂತಲೂ ಚುರುಕಾಗಿತ್ತು. ಮದುವೆಗಳು ಮತ್ತೆ ಶುರುವಾದ ಮೇಲೆ ಕೆಲಸ ಬಂತು. ಅಷ್ಟರಲ್ಲಿ ಒಬ್ಬ ಸ್ಟುಡಿಯೋ ಯಜಮಾನರು ಮನೆಗೆ ಬಂದು ಯಂತ್ರ ನೋಡಿದರು.

‘ನಂಗೂ ಒಂದು ಹಿಂಗೇ ಮಾಡಿಕೊಡು ಮಾರಾಯ’ ಅಂದರು.

‘ಸರ್, ಇದು ಅಸಲಿ ಮ್ಯಾಕ್ ಅಲ್ಲ’ ಅಂದೆ.

‘ಓಡುತ್ತಲ್ಲ, ಸಾಕು.’

ಮಾಡಿಕೊಟ್ಟೆ. ಅವರ ಪಿಸಿಯಲ್ಲೂ ಅದೇ ಬೋರ್ಡ್ ಇದ್ದುದರಿಂದ ಹನ್ನೊಂದು ರಾತ್ರಿಯ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. 6,000 ರೂಪಾಯಿ ಕೊಟ್ಟರು. ಇನ್ನೂ ಇಬ್ಬರಿಗೆ ಬೇಕಂತೆ ಅಂದರು. ಮನೆಗೆ ಬಂದ ಮೇಲೆ ಹೊಳೆಯಿತು: ನನ್ನ ಪೆನ್‌ಡ್ರೈವ್‌ನ ಫೋಲ್ಡರನ್ನೇ ಎತ್ತಿ ಹಾಕಿದ್ದೆ. ಅಂದರೆ ನನ್ನ ಸೀರಿಯಲ್ ನಂಬರೇ ಅಲ್ಲೂ ಹೋಗಿತ್ತು. ಬೇರೆ ನಂಬರ್ ಹುಟ್ಟಿಸಿದೆ. ವಾರಂಟಿ ಪುಟದಲ್ಲಿ ಹಾಕಿದೆ. ಈ ಸಲ ‘ಇಲ್ಲ’ ಎಂದು ಬರಲಿಲ್ಲ. ಐಮ್ಯಾಕ್‌ನ ಚಿತ್ರ ಬಂತು. ‘ಖರೀದಿಯ ದಿನಾಂಕ ಸರಿಯಾಗಿದೆ’ ಎಂಬ ಸಾಲು ಬಂತು.

ಎಲ್ಲೋ ಯಾರದೋ ಮೇಜಿನ ಮೇಲೆ ಆ ಐಮ್ಯಾಕ್ ಇದೆ. ಯಾರೋ ದುಡ್ಡು ಕೂಡಿಟ್ಟು ಕೊಂಡಿದ್ದಾರೆ. ಅವರ ಯಂತ್ರದ ಹೆಸರನ್ನು ಸಾಗರದ ಒಂದು ಪಿಸಿಗೆ ಇಡಲು ನಾನು ಹೊರಟಿದ್ದೆ. ಆ ನಂಬರನ್ನು ಅಳಿಸಿ ಬೇರೆ ತೆಗೆದೆ, ಅದು ಸರಿ. ಆದರೆ ಅಷ್ಟು ದಿನ ‘ಯಾರಿಗೂ ನಷ್ಟವಿಲ್ಲ’ ಎನ್ನುತ್ತಿದ್ದೆನಲ್ಲ, ಆ ಮಾತು ಅವತ್ತಿನಿಂದ ನನ್ನ ಬಾಯಿಂದ ಬರಲಿಲ್ಲ.

ಆ ರಾತ್ರಿ ಒಪ್ಪಂದವನ್ನು ಮೊದಲ ಸಲ ಪೂರ್ತಿ ಓದಿದೆ. ಉದ್ದ ಇದೆ, ಭಾಷೆ ಬಿಗಿ. ಆದರೆ ನನಗೆ ಬೇಕಾದ ಸಾಲು ಸ್ಪಷ್ಟವಾಗಿತ್ತು. ಆಪಲ್ ಹೆಸರಿಲ್ಲದ ಕಂಪ್ಯೂಟರ್‌ನಲ್ಲಿ ಹಾಕುವುದಿಲ್ಲ, ಓಡಿಸುವುದಿಲ್ಲ, ಬೇರೆಯವರಿಗೂ ಹಾಗೆ ಮಾಡಲು ನೆರವಾಗುವುದಿಲ್ಲ ಎಂದು ಒಪ್ಪುತ್ತೇನೆ. ಕೊನೆಯ ಭಾಗಕ್ಕೆ ಬಂದಾಗ ಜೇಬಿನಲ್ಲಿದ್ದ 6,000 ನೆನಪಾಯಿತು.

ಇದೇ ಕೆಲಸವನ್ನು ದೊಡ್ಡದಾಗಿ ಮಾಡಿದ ಒಂದು ಕಂಪನಿಯ ಕಥೆಯೂ ಆಗಲೇ ಓದಿದ್ದು. ಅಮೆರಿಕದ ಫ್ಲೋರಿಡಾದಲ್ಲಿ ಸೈಸ್ಟಾರ್ ಅಂತ ಇತ್ತು. 2008ರ ಏಪ್ರಿಲ್‌ನಲ್ಲಿ ಮ್ಯಾಕ್ ಓಎಸ್ ಓಡುವ ಪಿಸಿಗಳನ್ನು ಮಾರಲು ಶುರು ಮಾಡಿತು. ಪ್ರತಿ ಪೆಟ್ಟಿಗೆಯ ಜೊತೆ ಅಂಗಡಿಯಲ್ಲಿ ಕೊಂಡ ಓಎಸ್ ಡಿಸ್ಕ್ ಇಟ್ಟು ಕೊಡುತ್ತಿದ್ದರು. ಹಾಗಾದರೆ ತಪ್ಪೇನು ಎಂಬುದು ಅವರ ವಾದ. ನನ್ನ ವಾದವೂ ಅದೇ ಆಗಿತ್ತಲ್ಲ. ಆಪಲ್ ಅದೇ ಜುಲೈನಲ್ಲಿ ಕೋರ್ಟಿಗೆ ಹೋಯಿತು. ಆಗ ಬಯಲಾದದ್ದು, ಪ್ರತಿ ಯಂತ್ರಕ್ಕೂ ಆ ಡಿಸ್ಕ್‌ನಿಂದ ಓಎಸ್ ಹಾಕುತ್ತಿರಲಿಲ್ಲ. ತಿದ್ದಿದ ಒಂದೇ ಮೂಲ ಪ್ರತಿಯಿಂದ ಎಲ್ಲ ಯಂತ್ರಗಳಿಗೂ ನಕಲು ಇಳಿಸುತ್ತಿದ್ದರು. 2009ರ ನವೆಂಬರ್‌ನಲ್ಲಿ ನ್ಯಾಯಾಧೀಶ ವಿಲಿಯಂ ಅಲ್ಸಪ್ ಆಪಲ್ ಪರ ತೀರ್ಪು ಕೊಟ್ಟರು. ಬೀಗ ಒಡೆದದ್ದು ಕೂಡ ಅಲ್ಲಿನ ಕಾನೂನಿನ ಪ್ರಕಾರ ತಪ್ಪು ಎಂದರು. ಮೇಲಿನ ಕೋರ್ಟೂ 2011ರಲ್ಲಿ ಅದನ್ನೇ ಎತ್ತಿಹಿಡಿಯಿತು. ಈ ನಿಯಮದಿಂದ ಬೇರೆಯವರು ತಮ್ಮದೇ ಓಎಸ್ ಮಾಡಲು ಅಡ್ಡಿಯೇನೂ ಇಲ್ಲ ಎಂಬುದು ಅದರ ಕಾರಣ.

ಆ ಕಾರಣ ನನ್ನ ಮನಸ್ಸಿಗೆ ನಾಟಿತು. ಸಾವಿರಾರು ಜನ ಕುಳಿತು ಲಿನಕ್ಸ್ ಎಂಬ ಓಎಸ್ ಮಾಡಿದ್ದಾರೆ, ಯಾವ ಯಂತ್ರಕ್ಕಾದರೂ ಹಾಕಿಕೊಳ್ಳಿ ಅಂತ ಕೊಟ್ಟಿದ್ದಾರೆ. ಆಪಲ್ ತನ್ನದನ್ನು ಹಾಗೆ ಕೊಟ್ಟಿಲ್ಲ. ಅದರ ಓಎಸ್ ಪುಕ್ಕಟೆ ಅಂತ ನಾನು ಅಪ್ಪನಿಗೆ ಹೇಳಿದ್ದೆ. ಪುಕ್ಕಟೆ ಅಲ್ಲ ಅದು. ಅದರ ಬೆಲೆ ಮ್ಯಾಕ್‌ನ ಬೆಲೆಯ ಒಳಗೇ ಸೇರಿದೆ. ಆ ಪೆಟ್ಟಿಗೆ ಕೊಳ್ಳದವನು ಬೆಲೆ ಕೊಟ್ಟೇ ಇಲ್ಲ. 1995ರಲ್ಲಿ ಆಪಲ್ ಬೇರೆ ಕಂಪನಿಗಳಿಗೆ ತನ್ನ ಓಎಸ್ ಹಾಕಿ ಯಂತ್ರ ಮಾರಲು ಪರವಾನಗಿ ಕೊಟ್ಟು ನೋಡಿತ್ತು. ಸ್ಟೀವ್ ಜಾಬ್ಸ್ ವಾಪಸ್ ಬಂದ ಮೇಲೆ 1997ರಲ್ಲಿ ಅದನ್ನು ನಿಲ್ಲಿಸಿದರು. ಆ ಅಗ್ಗದ ಯಂತ್ರಗಳು ಆಪಲ್‌ನ ಸ್ವಂತ ಮಾರಾಟವನ್ನೇ ತಿನ್ನುತ್ತಿದ್ದವು.

ದೊಡ್ಡಪ್ಪನ ಮಗ ಶಿವಮೊಗ್ಗದಲ್ಲಿ ವಕೀಲ. ಅವನನ್ನು ಕೇಳಿದೆ. ‘ಅಮೆರಿಕದ ತೀರ್ಪು ಇಲ್ಲಿ ನೇರವಾಗಿ ನಡೆಯಲ್ಲ ಕಣೋ’ ಎಂದು, 1957ರ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಂ ಓದಿಸಿದ. ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸಿ, ಪರೀಕ್ಷೆ ಮಾಡಿ ಕಲಿಯಲು ಅದರಲ್ಲಿ ಜಾಗ ಇದೆ. ಅದನ್ನು ಓದಿ ಸಮಾಧಾನ ಆಯಿತು. ಆದರೆ ಇನ್ನೊಂದು ಉಪಕಲಂ ಇದೆ. ನ್ಯಾಯವಾಗಿ ಪ್ರತಿ ಇಟ್ಟುಕೊಂಡವನು ಅದನ್ನು ಬಳಸಲು ಬೇಕಾದಂತೆ ನಕಲು ಮಾಡಬಹುದು, ಆದರೆ ‘ಯಾವ ಉದ್ದೇಶಕ್ಕೆ ಅದನ್ನು ಕೊಡಲಾಗಿತ್ತೋ ಆ ಉದ್ದೇಶಕ್ಕೆ’. 2012ರಲ್ಲಿ ಸೇರಿಸಿದ 65ಎ ಕಲಂ ಬೀಗ ಒಡೆಯುವುದರ ಬಗ್ಗೆ.

‘ಮನೆಯಲ್ಲಿ ಕಲಿಯೋಕೆ ಮಾಡಿಕೊಂಡಿದ್ದರೆ ವಾದ ಮಾಡಬಹುದು. ದುಡ್ಡು ತಗೊಂಡು ಇನ್ನೊಬ್ಬರಿಗೆ ಮಾಡಿಕೊಟ್ಟೆ ಅಂದ್ರೆ ನಾನು ನಿನ್ನ ಪರ ಏನು ಹೇಳಲಿ?’ ಅಂದ.

ಯಾವ ಉದ್ದೇಶಕ್ಕೆ ಕೊಟ್ಟದ್ದು. ಅಪ್ಪ ತಿಂಡಿ ತಿನ್ನುತ್ತಾ ಕೇಳಿದ್ದೂ ಅದೇ.

ನಾನು ಇನ್ನೂ ಯೋಚನೆಯಲ್ಲಿದ್ದೆ. 2021ರ ಫೆಬ್ರುವರಿಯಲ್ಲಿ ಯಜಮಾನರ ಫೋನ್ ಬಂತು. ಅಪ್‌ಡೇಟ್ ಬಂದಿದೆ ಎಂದು ತೋರಿಸಿತಂತೆ, ಒತ್ತಿದರಂತೆ. ಮ್ಯಾಕ್ ಓಎಸ್‌ನ ಹಳೇ ಆವೃತ್ತಿ ಕ್ಯಾಟಲಿನಾ ಹೋಗಿ ಹೊಸ ಆವೃತ್ತಿ ಬಿಗ್ ಸರ್ ಬರಬೇಕಿತ್ತು. ನಾನು ಹಾಕಿದ್ದ ಹಳೇ ಓಪನ್‌ಕೋರ್‌ಗೆ ಬಿಗ್ ಸರ್ ಗೊತ್ತಿಲ್ಲ. ಯಂತ್ರ ಏಳಲೇ ಇಲ್ಲ. ಮಾರನೇ ದಿನ ಬೀಗರೂಟಕ್ಕೆ ತೋರಿಸಬೇಕಾದ ವಿಡಿಯೋ ಅದರೊಳಗಿತ್ತು. ನಾನು ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಅಸಲಿ ಮ್ಯಾಕ್ ಆಗಿದ್ದರೆ ಕಂಪನಿಯವರನ್ನು ಕೇಳಬಹುದಿತ್ತು. ಇಲ್ಲಿ ಅವರಿಗೆ ನಾನೊಬ್ಬನೇ. ರಾತ್ರಿ ಬಸ್ ಹತ್ತಿ ಬೆಳಗ್ಗೆ ಇಳಿದು ನೇರ ಸ್ಟುಡಿಯೋಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಎಬ್ಬಿಸಿದೆ. ವಿಡಿಯೋ ಸಿಕ್ಕಿತು. ಯಜಮಾನರ ಕೈ ನಡುಗುತ್ತಿದ್ದುದನ್ನು ನೋಡಿದೆ.

ಅವತ್ತೇ 6,000 ವಾಪಸ್ ಕೊಟ್ಟೆ. ಅವರು ಬೇಡ ಅಂದರು. ‘ಕೆಲಸ ಮಾಡಿದ್ದೀಯಲ್ಲೋ’ ಅಂದರು. ‘ನನ್ನದಲ್ಲದ್ದನ್ನು ನಿಮಗೆ ಮಾರಿದ್ದೆ ಸರ್. ಕೆಟ್ಟರೆ ಯಾರೂ ದಿಕ್ಕಿಲ್ಲ ಅನ್ನೋದನ್ನೂ ಸರಿಯಾಗಿ ಹೇಳಿರಲಿಲ್ಲ’ ಅಂದೆ. ಅವರ ಯಂತ್ರಕ್ಕೆ ಲೈಸೆನ್ಸ್ ಇರುವ ವಿಂಡೋಸ್ ಹಾಕಿಕೊಟ್ಟೆ. ಆ ಇನ್ನಿಬ್ಬರಿಗೆ ಆಗುವುದಿಲ್ಲ ಅಂದೆ.

ನನ್ನ ಯಂತ್ರವನ್ನು ಮಾತ್ರ ತಕ್ಷಣ ಬಿಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಗೊತ್ತಿದ್ದೂ ಇನ್ನೂ ಎರಡು ವರ್ಷ ಬಳಸಿದೆ. ಅದರಲ್ಲೇ ದುಡಿದು, ಅದರಲ್ಲೇ ಉಳಿಸಿದೆ. 2023ರಲ್ಲಿ ಎಂ2 ಮ್ಯಾಕ್ ಮಿನಿ 59,900ಕ್ಕೆ ಬಂದಾಗ ಕೊಂಡೆ. ಹಳೇ ಪಿಸಿಗೆ ಲಿನಕ್ಸ್ ಹಾಕಿ ಅಕ್ಕನ ಮಗಳಿಗೆ ಕೊಟ್ಟೆ. ಅವಳು ಅದರಲ್ಲಿ ಕೆಡೆನ್‌ಲೈವ್ ಎಂಬ ಎಡಿಟಿಂಗ್ ಪ್ರೋಗ್ರಾಂ ಬಳಸಿ ಶಾಲೆಯ ನಾಟಕದ ವಿಡಿಯೋ ಎಡಿಟ್ ಮಾಡುತ್ತಾಳೆ. ಇನ್ನು ಹ್ಯಾಕಿಂಟಾಷ್ ಮಾಡುವ ಕಾಲವೂ ಮುಗಿಯುತ್ತಿದೆ. 2020ರಲ್ಲಿ ಆಪಲ್ ತನ್ನದೇ ಚಿಪ್‌ಗೆ ಹೊರಳಿತು. 2025ರ ಟಾಹೋ ಇಂಟೆಲ್ ಯಂತ್ರಗಳಿಗೆ ಸಿಗುವ ಕೊನೆಯ ಮ್ಯಾಕ್ ಓಎಸ್.

ಕಲಿತದ್ದು ಮಾತ್ರ ಕೈಯಲ್ಲಿ ಉಳಿದಿತ್ತು. ಮಿನಿ ಕೊಂಡ ಒಂದು ವರ್ಷದ ಮೇಲೆ ಅದೇ ಯಜಮಾನರು ಮತ್ತೆ ಕರೆದರು. ಬೆಂಗಳೂರಿನಿಂದ 2013ರ ಕೊನೆಯ 27 ಇಂಚಿನ ಐಮ್ಯಾಕ್ ಸೆಕೆಂಡ್ ಹ್ಯಾಂಡ್ ತಂದಿದ್ದರು. ಕ್ಯಾಟಲಿನಾದ ಮೇಲಿನ ಓಎಸ್ ಅದಕ್ಕೆ ಆಪಲ್ ಕೊಡುವುದಿಲ್ಲ. ಫೈನಲ್ ಕಟ್‌ನ ಹೊಸ ಆವೃತ್ತಿ ಹಳೇ ಓಎಸ್‌ನಲ್ಲಿ ಬರುವುದಿಲ್ಲ. ಗಟ್ಟಿಮುಟ್ಟಾದ ಯಂತ್ರ, ಪರದೆ ಇನ್ನೂ ಫಳಫಳ. ಎಸೆಯಲು ಮನಸ್ಸು ಬರುತ್ತದಾ? ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬುದು ಇಂಥವಕ್ಕೇ ಇದೆ. ಅದರ ಮೂಲಕ ಮಾಂಟೆರೆ ಎಂಬ ಮುಂದಿನ ಆವೃತ್ತಿ ಹಾಕಿದೆ. ಆಪಲ್ ತೆಗೆದುಹಾಕಿದ್ದ ಗ್ರಾಫಿಕ್ಸ್ ಡ್ರೈವರನ್ನು ಮತ್ತೆ ಸೇರಿಸಿದೆ. ಇದೂ ಪೂರ್ತಿ ಶುದ್ಧ ಅಂತ ಹೇಳಲಾರೆ. ಓಎಸ್ ಅನ್ನು ತಿದ್ದಬಾರದು ಎಂಬ ಸಾಲು ಕೂಡ ಅದೇ ಒಪ್ಪಂದದಲ್ಲಿದೆ. ಆದರೆ ಪೆಟ್ಟಿಗೆ ಆಪಲ್‌ನದ್ದು. ಅದರ ಬೆಲೆಯನ್ನು ಯಾರೋ ಹತ್ತು ವರ್ಷದ ಹಿಂದೆಯೇ ಕೊಟ್ಟಿದ್ದಾರೆ. ಒಂದು ಒಳ್ಳೆಯ ಯಂತ್ರವನ್ನು ಕಸಕ್ಕೆ ಹಾಕಿ ಅನ್ನುವ ನಿಯಮವನ್ನು ಮೀರಲು ನನಗೆ ಅಳುಕಿಲ್ಲ. ಕೂಲಿ ಅಂತ 1,500 ತೆಗೆದುಕೊಂಡೆ. ಅಪ್‌ಡೇಟ್ ಬಂದರೆ ಒತ್ತಬೇಡಿ, ಕೆಟ್ಟರೆ ಆಪಲ್‌ನವರು ನೋಡುವುದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಯಜಮಾನರು ಹಿಂದೆ ನಿಂತು ನೋಡುತ್ತಿದ್ದರು.

‘ಈ ಸಲ ನಂಬರ್ ಎಲ್ಲಿಂದ ತಂದೆಯೋ?’ ಎಂದು ಕೇಳಿದರು.

ಐಮ್ಯಾಕ್ ಅನ್ನು ಮೆಲ್ಲಗೆ ಮಲಗಿಸಿ ಅದರ ಕಾಲಿನ ಅಡಿ ತೋರಿಸಿದೆ. ಸಣ್ಣ ಅಕ್ಷರದಲ್ಲಿ ಸೀರಿಯಲ್ ನಂಬರ್ ಇತ್ತು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. ನಾನು ಪರದೆಯ ಮೇಲಿನ ನಂಬರ್ ಜೊತೆ ತಾಳೆ ನೋಡುತ್ತಾ ಹೋದೆ.